ಆರು ಕಾರಂಜಿಗಳ ಚಳಿಗಾಲ

ಉಗುರು ಕತ್ತರಿ ಬೇಕೆಂದು ನಮ್ಮ ಮನೆಯ ಮೇಜಿನ ಡ್ರಾವರಿಗೆ ಕೈ ಹಾಕಿದವರಿಗೆ ಇಂದಿನವರೆಗೆ ಉಗುರು ಕತ್ತರಿ ಸಿಕ್ಕಿದ್ದಿಲ್ಲ. ಅದೊಂದು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಮೊನ್ನೆ ನಾನು ಹುಡುಕಿದಾಗಲೂ ಹಾಗೆಯೇ ಆಯಿತು. ಒಂದೊಂದೇ ಕಾಲಿನ ಎರಡು ಕನ್ನಡಕ, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಮೂರು ಕೀಲಿಕೈ, ಮುಲಾಮು ಮುಗಿದರೂ ವಾಸನೆ ಮುಗಿಯದ ಡಬ್ಬಿ, ಇವೆಲ್ಲದರ ಅಡಿಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದು ಕರಿಯ ಪ್ಲಾಸ್ಟಿಕ್ ಕುಡಿಕೆ. ಅದರ ನೆತ್ತಿಯ ಮೇಲೆ ಸೂಜಿಯಂಥ ತೂತು. ಹುಲ್ಲಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರಿನ ತಲೆ ಅದು. ನಮ್ಮವ್ವ ಮೊದಲ ದಿನದಿಂದಲೂ ಅದನ್ನು ಕಾರಂಜಿ ಎಂದೇ ಕರೆದಳು, ಆಮೇಲೆ ಮನೆಯವರೆಲ್ಲರಿಗೂ ಅದೇ ಬಾಯಿಗೆ ಬಂತು. ಉಗುರಿನ ವಿಚಾರ ಬಿಟ್ಟು ನಾನು ಅದನ್ನೇ ಹಿಡಿದುಕೊಂಡು ಕುಳಿತೆ.

ನಿಮ್ಮ ಮುಂದೆ ಮುಚ್ಚುಮರೆ ಯಾಕೆ, ನಾನೊಬ್ಬ ಲಾನಿನ ಮಾಲೀಕ. ಮೂಡಲಗಿಯಲ್ಲಿ ಇದನ್ನು ಹೇಳಿಕೊಳ್ಳುವುದು ಅಷ್ಟೇನೂ ಮರ್ಯಾದೆಯ ಮಾತಲ್ಲ. ನಾಲ್ಕೂ ಕಡೆ ಕಬ್ಬು ನಿಂತಿರುವ ಊರಿನಲ್ಲಿ, ತಿನ್ನಲು ಬಾರದ, ಮಾರಲು ಬಾರದ, ದನಕ್ಕೆ ಹಾಕಿದರೆ ಅದೂ ಮೂಸಿ ಬಿಡುವ ಹುಲ್ಲಿಗೆ ದಿನಾ ನೀರುಣಿಸುವವನನ್ನು ಜನ ಕನಿಕರದಿಂದಲೇ ನೋಡುತ್ತಾರೆ. ಉದ್ದ ಹದಿನೆಂಟು ಅಡಿ, ಅಗಲ ಹನ್ನೆರಡು ಅಡಿ. ಒಳ್ಳೆಯ ಜಾತಿಯ ಎಮ್ಮೆ ಕಾಲು ಚಾಚಿ ಮಲಗಿದರೆ ಅರ್ಧ ಲಾನು ಕಾಣುವುದಿಲ್ಲ. ಗೋಕಾಕದ ನರ್ಸರಿಯಿಂದ ಚಾಪೆಯಂತೆ ಸುರುಳಿ ಸುತ್ತಿ ತಂದು ಹಾಸಿದ ಹುಲ್ಲು ಅದು. ಅಡಿಯಲ್ಲಿ ಪೈಪು ಹೂತು, ಆರು ಕಡೆ ಕಾರಂಜಿ ಕೂಡಿಸಿಕೊಟ್ಟವನು ನನ್ನ ಹೆಂಡತಿಯ ತಮ್ಮ ಮಲ್ಲಪ್ಪ. ಕುಲಗೋಡದಲ್ಲಿ ಅವನದು ಕಬ್ಬು, ಜೋಳದ ಹೊಲ. ಪೈಪು, ಮೋಟರು ಅವನ ಕೈಗೆ ಸಲೀಸು. ಕೆಲಸವೆಲ್ಲ ಮುಗಿಸಿ ಮಣ್ಣು ಕೈ ಒರೆಸಿಕೊಳ್ಳುತ್ತ ಅವನು ಕೇಳಿದ:

"ಮಾಮಾ, ಇದನ್ನ ಕೊಯ್ದ ಏನ ಮಾಡತೀರಿ?"

"ಕೊಯ್ದ ಚೆಲ್ಲತೇನಿ."

"ಚೆಲ್ಲಾಕ ಬೆಳಸತೀರಿ?"

"ಹೂಂ."

ಅವನು ನೇರ ಅಡಿಗೆಮನೆಗೆ ಹೋದ. "ಅಕ್ಕಾ, ಮಾಮಾಗ ಬಿ.ಪಿ. ಗುಳಗಿ ಬರೋಬರಿ ಕೊಡಾಕತ್ತೀಯಿಲ್ಲೋ?" ಎಂದು ಮೆಲ್ಲಗೆ ಕೇಳಿದ್ದು ನನಗೆ ಚೆನ್ನಾಗಿಯೇ ಕೇಳಿಸಿತು.

ಅವನಿಗೆ ಹೇಳಿದರೆ ಅರ್ಥವಾಗುತ್ತಿರಲಿಲ್ಲ. ನಿಮಗೆ ಹೇಳುತ್ತೇನೆ. ನಾನು ಬೆಳೆದದ್ದು ಹಿಡಕಲ್ಲಿನಲ್ಲಿ. ಅಪ್ಪ ಅಣೆಕಟ್ಟಿನ ಕಾಲುವೆಯ ಗೇಟು ಏರಿಸಿ ಇಳಿಸುವ ನೌಕರ. ಕಾಲುವೆಗೆ ನೀರು ಬಿಡುವ ದಿನ ದೊಡ್ಡ ಮಂದಿ ಬಂದು ಕಾಯಿ ಒಡೆದು, ಹಾರ ಹಾಕಿಸಿಕೊಂಡು, ಪೇಢೆ ತಿಂದು ಹೋಗುತ್ತಿದ್ದರು. ಚಕ್ರ ತಿರುಗಿಸುತ್ತಿದ್ದವನು ಅಪ್ಪ. ಅವನಿಗೂ ಒಂದು ಪೇಢೆ ಸಿಗುತ್ತಿತ್ತು, ಗ್ರೀಸಿನ ಕೈಯಲ್ಲೇ ಅದನ್ನು ಕಾಗದದಲ್ಲಿ ಸುತ್ತಿ ಮನೆಗೆ ತರುತ್ತಿದ್ದ. ನನ್ನ ಬಾಲ್ಯದ ಪೇಢೆಗಳಿಗೆಲ್ಲ ಸ್ವಲ್ಪ ಗ್ರೀಸಿನ ರುಚಿಯಿದೆ. ಕೆಳಗಿನ ಊರುಗಳ ಯಾರ್ಯಾರದೋ ಹೊಲಕ್ಕೆ ಹೋಗುವ ನೀರು ಅವನ ಕೈಯಿಂದಲೇ ಹೋಗುತ್ತಿತ್ತು. ನಮ್ಮದೆಂದು ಒಂದು ಗುಂಟೆ ನೆಲವೂ ಇರಲಿಲ್ಲ. ನಾವಿದ್ದ ಸರಕಾರಿ ಮನೆಯ ಹಿಂದೆ ತೊಂಡೆ ಬಳ್ಳಿಯೊಂದಿತ್ತು. ವರ್ಗವಾದಾಗ ಬಳ್ಳಿಯನ್ನೂ ಸರಕಾರಕ್ಕೇ ಬಿಟ್ಟುಬರಬೇಕು ಎಂದು ಅಪ್ಪ ಗಂಭೀರವಾಗಿ ಹೇಳುತ್ತಿದ್ದ.

ಅಲ್ಲಿ ಸಾಹೇಬರು ಬಂದು ಇಳಿದುಕೊಳ್ಳುವ ಬಂಗಲೆಯ ಮುಂದೆ ಒಂದು ಲಾನು ಇತ್ತು. ಉರಿಬೇಸಿಗೆಯಲ್ಲೂ ಹಸಿರು. ಅದರ ಅಂಚಿಗೆ ತಗಡಿನ ಬೋರ್ಡು: 'ಹುಲ್ಲಿನ ಮೇಲೆ ಕಾಲಿಡಬಾರದು'. ಸಾಹೇಬರ ನಾಯಿಗೆ ಓದಲು ಬರುತ್ತಿರಲಿಲ್ಲವಾದ್ದರಿಂದ ಅದು ಅಲ್ಲೇ ಕಾಲಿಡುತ್ತಿತ್ತು, ಕಾಲೆತ್ತುತ್ತಲೂ ಇತ್ತು. ಓದಲು ಬರುತ್ತಿದ್ದ ನಾನು ಮಾತ್ರ ಬೇಲಿಯಾಚೆ ನಿಂತು ನೋಡುತ್ತಿದ್ದೆ. ಮೂರನೆಯ ಇಯತ್ತೆಯಲ್ಲಿದ್ದಾಗ ಒಮ್ಮೆ ನನ್ನ ಬುದ್ಧಿ ಚುರುಕಾಯಿತು. ಕಾಲಿಡಬಾರದು ಎಂದಷ್ಟೇ ಬರೆದಿದೆ, ಉರುಳಬಾರದು ಎಂದು ಎಲ್ಲಿ ಬರೆದಿದೆ? ಕಾಲು ಮೇಲೆತ್ತಿಕೊಂಡು ಈ ತುದಿಯಿಂದ ಆ ತುದಿಗೆ ಉರುಳಿದೆ. ದೇವರ ಗುಡಿಯಲ್ಲೂ ನಾನು ಅಷ್ಟು ಭಕ್ತಿಯಿಂದ ಉರುಳುಸೇವೆ ಮಾಡಿದವನಲ್ಲ. ಆ ತುದಿಯಲ್ಲಿ ಎರಡು ಕಾಲು ಕಂಡವು, ಅಪ್ಪನವು. ಹೊಡೆಯುತ್ತಾನೆಂದು ಕಣ್ಣು ಮುಚ್ಚಿಕೊಂಡೆ. ಹೊಡೆಯಲಿಲ್ಲ. ಎಬ್ಬಿಸಿ ಅಂಗಿಯ ಹುಲ್ಲು ಕೊಡವಿ, "ಸಾಹೇಬರ ಹುಲ್ಲಪಾ ಅದು, ನಮ್ದಲ್ಲ" ಎಂದ. ಹೊಡೆದಿದ್ದರೆ ಸಂಜೆಯೊಳಗೆ ಮರೆಯುತ್ತಿದ್ದೆ.

ಹೀಗಾಗಿ ಹುಕ್ಕೇರಿಯ ಸಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಚಿತ್ರಕಲೆ ಕಲಿಸಿ, ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹಸಿರು ಹುಲ್ಲು ಇರುವ ಸಾವಿರಾರು ಚಿತ್ರಗಳಿಗೆ ಸಹಿ ಹಾಕಿ ನಿವೃತ್ತನಾದ ಮೇಲೆ, ಮೂಡಲಗಿಯಲ್ಲಿ ಮನೆ ಕಟ್ಟಿಸಿದಾಗ ಗುಡ್ಡ ಸೂರ್ಯರ ಬಗ್ಗೆ ಹಟ ಮಾಡದೆ ಹುಲ್ಲೊಂದನ್ನು ಮಾತ್ರ ಹಾಕಿಸಿದೆ. ಬೋರ್ಡನ್ನು ನಾನೇ ಬರೆದೆ. ಏನೆಂದು ಬರೆದೆ ಎಂಬುದು ನಿಮಗೆ ಗೊತ್ತು. ಇಷ್ಟು ವರ್ಷ ಕಾದು ಕೊನೆಗೆ ಸಾಹೇಬನಾಗುವುದಾದರೆ ಪೂರ್ತಿ ಆಗಬೇಕಲ್ಲವೇ.

ಇನ್ನು ಚಳಿಗಾಲದ ಮಾತು. ಕಳೆದ ಸಲ ದೀಪಾವಳಿಯಾದ ಮೇಲೆ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಯಾವುದೋ ಹಿಮದ ದೇಶದ ಕೆಂಪು ಮುಖದ ಮನುಷ್ಯ, ಚಳಿ ಬೀಳುವ ಮೊದಲು ಲಾನಿನ ಪೈಪುಗಳನ್ನು ಹೇಗೆ ಸಿದ್ಧಮಾಡಬೇಕು ಎಂದು ತೋರಿಸುತ್ತಿದ್ದ. ಪೈಪಿನಲ್ಲಿ ನೀರು ಉಳಿದರೆ ಗಡ್ಡೆಕಟ್ಟಿ ಪೈಪು ಸೀಳುತ್ತದಂತೆ. ಅದಕ್ಕೆ ಗಾಳಿ ಊದಿ ನೀರನ್ನೆಲ್ಲ ಹೊರಗೆ ಹಾಕಬೇಕು. ಆಮೇಲೆ ವಾಲ್ವು ಮುಚ್ಚಬಾರದು, ಅರ್ಧ ತೆರೆದಿಡಬೇಕು. ನಾನು ಎರಡು ಸಲ ನೋಡಿ, ಹಾಳೆಯ ಮೇಲೆ ಚಿತ್ರ ಸಹಿತ ಬರೆದುಕೊಂಡೆ.

ಹೆಂಡತಿ ಶಾಂತಾ ಹಾಳೆ ನೋಡಿದಳು. "ಏನ್ರಿ, ಇಲ್ಲೆ ನೀರ ಯಾವಾಗ ಗಡ್ಡಿ ಕಟ್ಟತೈತಿ? ಕೊಬ್ಬರಿ ಎಣ್ಣಿನ ಬಿಸಲಾಗ ಹತ್ತ ನಿಮಿಷ ಇಟ್ರ ಕರಗತೈತಿ."

ಮಾತು ಖರೆ. ನಮ್ಮಲ್ಲಿ ಚಳಿಗೆ ಗಡ್ಡೆಕಟ್ಟುವ ವಸ್ತು ಕೊಬ್ಬರಿ ಎಣ್ಣೆ ಒಂದೇ. ಆದರೂ ಚಳಿಯ ಗೌರವಕ್ಕೆ ನಾವು ಕಡಿಮೆ ಮಾಡುವವರಲ್ಲ. ನವೆಂಬರಿನಲ್ಲಿ ಒಂದು ದಿನ ಬೆಳಿಗ್ಗೆ ಮೈ ಸ್ವಲ್ಪ ಜುಂ ಎಂದರೆ ಸಾಕು, ಇಡೀ ಮೂಡಲಗಿ ಕಾನಟೋಪಿಯೊಳಗೆ ಸೇರಿಕೊಳ್ಳುತ್ತದೆ. ಟೋಪಿ ಹಾಕಿಕೊಂಡ ಮೇಲೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ, ಅದಕ್ಕೇ ಎಲ್ಲರೂ ಕೂಗುತ್ತಾರೆ. ಮನುಷ್ಯರಿಗೇ ಇಷ್ಟು ತಯಾರಿ ಇರುವಾಗ ಆರು ಕಾರಂಜಿಗಳಿಗೆ ಯಾಕೆ ಬೇಡ ಎಂದು ನಾನು ವಾದಿಸಿದೆ. "ಅವಕ್ಕೂ ಒಂದೊಂದ ಟೋಪಿಗಿ ಹೆಣದ ಕೊಡಲೇನ?" ಎಂದು ಕೇಳಿ ಶಾಂತಾ ಒಳಗೆ ಹೋದಳು.

ಗಾಳಿ ಊದಲು ಬಸ್‌ಸ್ಟ್ಯಾಂಡಿನ ಹತ್ತಿರದ ಪಂಕ್ಚರ್ ಅಂಗಡಿಯ ಇರ್ಫಾನನನ್ನು ಕರೆದೆ. ಅವನು ಕಂಪ್ರೆಸರನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ಬಂದ. ಲಾನಿನ ಸುತ್ತ ಒಂದು ಸುತ್ತು ಹಾಕಿ, ಎಲ್ಲೂ ಗಾಲಿ ಕಾಣದೆ ನನ್ನ ಮುಖ ನೋಡಿದ. ವಿವರಿಸಿದೆ.

"ಹಂಗಾರ ಎಷ್ಟ ಹೊಡೀಲ್ರಿ ಮಾಸ್ತರ? ಸೈಕಲ್ಲಿಂದೋ, ಟ್ರ್ಯಾಕ್ಟರಿಂದೋ?"

ವಿಡಿಯೋದವನು ಇದನ್ನು ಹೇಳಿರಲಿಲ್ಲ, ಅಥವಾ ಹೇಳಿದ್ದು ನನಗೆ ತಿಳಿದಿರಲಿಲ್ಲ. ಕೆಲಸ ಗಟ್ಟಿಯಾಗಲಿ ಎಂದು "ಟ್ರ್ಯಾಕ್ಟರದ್ದ ಹೊಡಿ" ಎಂದೆ.

ಮೊದಲು ಪೈಪು ಹೊಟ್ಟೆನೋವು ಬಂದವರಂತೆ ಗುರುಗುಟ್ಟಿತು. ಆಮೇಲೆ ಐದು ಕಾರಂಜಿಗಳಿಂದ ಕೆಸರು ನೀರು ಎಗರಿ ಇರ್ಫಾನನ ಅಂಗಿಯ ಮೇಲೆ ಬಿತ್ತು. ಆರನೆಯದರಿಂದ ಏನೂ ಬರಲಿಲ್ಲ. ನಾನು ಬಗ್ಗಿ ನೋಡಿದೆ. ಸರಿಯಾಗಿ ಆಗಲೇ ಅದು ಢಂ ಎಂದು ನನ್ನ ಕಿವಿಯ ಪಕ್ಕದಿಂದ ಹಾರಿ ಕಾಂಪೌಂಡಿನಾಚೆ ಹೋಯಿತು. ಎಲ್ಲಿ ಹುಡುಕಿದರೂ ಸಿಗಲಿಲ್ಲ. ಸಂಜೆ ಪಕ್ಕದ ಮನೆಯ, ಊರ ಹೊಲಗಳ ಲೆಕ್ಕ ಬರೆದು ನಿವೃತ್ತರಾದ ತಲಾಠಿಗಳು ಬಂದು, "ಇದ ನಿಮ್ದೇನ್ರಿ ಮಾಸ್ತರ? ಟೋಪಿಗಿ ತಗದ್ರ ಮಡಿಕ್ಯಾಗಿಂದ ಬಿತ್ತ" ಎಂದು ಕೊಟ್ಟರು. ಬೆಳಿಗ್ಗೆಯಿಂದ ಅದನ್ನು ತಲೆಯ ಮೇಲೆ ಹೊತ್ತುಕೊಂಡೇ ಪೇಟೆ ತಿರುಗಿ ಬಂದಿದ್ದರು. ಡ್ರಾವರಿನಲ್ಲಿ ಸಿಕ್ಕಿತೆಂದೆನಲ್ಲ, ಅದೇ ಇದು.

ಇದೇ ದಿನಗಳಲ್ಲಿ ನಮ್ಮವ್ವ ತನ್ನ ಮಾತು ತೆಗೆದಳು. ಅವ್ವನಿಗೆ ಎಂಬತ್ತೆರಡು. ಅಪ್ಪ ಹೋಗಿ ಒಂಬತ್ತು ವರ್ಷವಾದ ಮೇಲೂ ಅವಳು ಬೆಳಿಗ್ಗೆ ಎದ್ದು ಮೊದಲು ಕೇಳುವುದು, "ಡ್ಯಾಮಿನ್ಯಾಗ ನೀರ ಎಷ್ಟೈತಂತ?" ಎಂದೇ. ಪ್ರತಿವರ್ಷ ಎಳ್ಳಮಾಸಿಗೆ ಅವಳನ್ನು ಕುಲಗೋಡಕ್ಕೆ, ಮಲ್ಲಪ್ಪನ ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದೆವು. ನಮ್ಮ ಕಡೆ ಆ ಅಮಾವಾಸ್ಯೆಯ ದಿನ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಬುಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜೆ ಮಾಡಿ, ಅಡಿಗೆಯ ಒಂದು ಪಾಲನ್ನು ಬೆಳೆಯ ನಡುವೆ ಚೆಲ್ಲುತ್ತಾರೆ. ಅದೇ ಚರಗ. ಭೂಮಿ ಬಸುರಿ, ಅವಳ ಬಯಕೆಯ ಊಟ ಅದು. ಚೆಲ್ಲುವವರು ಮುಂದೆ, ತಂಬಿಗೆಯಿಂದ ನೀರು ಚಿಮುಕಿಸುವವರು ಹಿಂದೆ. ಆಮೇಲೆ ಎಲ್ಲರೂ ಸಾಲಾಗಿ ಕುಳಿತು ಊಟ. ಆದರೆ ಆ ಸಲ ಅವ್ವನ ಮೊಣಕಾಲು ಹೊಲದ ಹಾದಿಗೆ ಒಲ್ಲೆ ಎಂದಿತ್ತು.

"ತಮ್ಮಾ, ಈ ಸರ್ತಿ ಚರಗ ನಮ್ಮ ಹೊಲದಾಗ ಚೆಲ್ಲೂಣು" ಎಂದಳು.

"ನಮ್ಮ ಹೊಲ ಎಲ್ಲೈತಬೇ?"

ಅವಳು ಕೋಲಿನಿಂದ ಲಾನು ತೋರಿಸಿದಳು.

ನಾನು ನಕ್ಕೆ. ಆಮೇಲೆ ಅವಳು ನಗುತ್ತಿಲ್ಲವೆಂದು ಗೊತ್ತಾಗಿ ಕಾರಣ ಹೇಳಲು ಶುರುಮಾಡಿದೆ. ಇದು ಬರೀ ಹುಲ್ಲು, ಬೆಳೆಯಲ್ಲ. ಇದಕ್ಕೆ ಯಾವ ಬಯಕೆಯೂ ಇಲ್ಲ. ಎಣ್ಣೆಗಾಯಿಯ ಎಣ್ಣೆ ಬಿದ್ದರೆ ಬೇರು ಸುಡುತ್ತದೆ, ಕಡುಬಿಗೆ ಇರುವೆ ಬರುತ್ತದೆ, ಇರುವೆಯ ಹಿಂದೆ ಇಲಿ ಬರುತ್ತದೆ. ಅಲ್ಲದೆ ಈಗಷ್ಟೇ ಚಳಿಗಾಲದ ತಯಾರಿ ನಡೆದಿದೆ. ಅವ್ವ ಎಲ್ಲ ಕೇಳಿದಳು. ಅವಳು ಜಗಳಾಡಿದ್ದರೆ ನಾನು ಗೆಲ್ಲುತ್ತಿದ್ದೆ.

"ನಾ ಹುಟ್ಟಿದಾಗಿಂದ ಮಂದಿ ಹೊಲದಾಗ ಉಂಡೇನಿ" ಎಂದಳು. "ಎಲ್ಲಾರೂ ಕರದ ಉಣ್ಣಾಕ ನೀಡ್ಯಾರ, ಒಬ್ರೂ ಕಡಿಮಿ ಮಾಡಿಲ್ಲ. ಆದ್ರ ಚರಗದ ಬುಟ್ಟಿ ಹೊಲದಾವ್ರ ಕೈಯಾಗ ಇರತೈತಪಾ. ಒಂದ ಸಲಾನೂ ನನ್ನ ಕೈಯಾಗ ಬಂದಿಲ್ಲ. ಮುಂದಿನ ಸರ್ತಿ ನಾ ಇರತೇನೋ ಇಲ್ಲೋ. ಇರಲಿ ಬಿಡು, ಹುಲ್ಲ ಕೆಡತೈತಿ."

ಮೂರು ದಿನ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ನನ್ನ ಊಟದ ತಟ್ಟೆಗೆ ಮಾತ್ರ ಮೂರು ದಿನವೂ ಬರೀ ತಿಳಿಸಾರು ಬಂತು. ನಾಲ್ಕನೆಯ ದಿನ ನಾನು ಒಪ್ಪಿದೆ, ಷರತ್ತು ಹಾಕಿ ಒಪ್ಪಿದೆ. ಚಪ್ಪಲಿ ಗೇಟಿನ ಹೊರಗೆ. ಕೂರುವುದು ಜಮಖಾನದ ಮೇಲೆ. ಚರಗ ಅಂಚಿಗಷ್ಟೇ ಚೆಲ್ಲಬೇಕು, ನಡುವೆ ಬೇಡ. ಎಣ್ಣೆಗಾಯಿ ಇದ್ದರೂ ಎಣ್ಣೆ ಇರಬಾರದು. ಹೇಳುತ್ತ ಹೇಳುತ್ತ ನನ್ನ ಧ್ವನಿ ನನಗೇ ಎಲ್ಲೋ ಕೇಳಿದ್ದೆನಿಸಿತು. ಹಿಡಕಲ್ಲಿನ ಬಂಗಲೆಯ ಕಟ್ಟೆಯ ಮೇಲೆ ನಿಂತು ಹೀಗೇ ಒಬ್ಬರು ಮಾತಾಡುತ್ತಿದ್ದರು. ನಾಯಿಯೊಂದು ಇರಲಿಲ್ಲ ಅಷ್ಟೇ.

ಅಮಾವಾಸ್ಯೆಯ ಹಿಂದಿನ ದಿನ ಮಲ್ಲಪ್ಪ ಹೊಲದಿಂದ ಬದನೆಕಾಯಿ, ಹಸಿ ಕಡಲೆ, ಅವರೆ ಹೊತ್ತುಕೊಂಡು ಬಂದ. ಗಾಳಿ ಊದಿದ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, ಉಳಿದ ಐದು ಕಾರಂಜಿಗಳನ್ನೂ ತಾನೇ ಬಿಚ್ಚಿದ. "ಬೋರಿನ ನೀರ ಸವಳ ಐತಿ ಮಾಮಾ. ಚಳಿ ಅಲ್ಲ ಇವನ್ನ ತಿನ್ನೂದು, ಉಪ್ಪ" ಎಂದು ಅವನ್ನು ಲಿಂಬೆಹುಳಿಯಲ್ಲಿ ನೆನೆಹಾಕಿಸಿದ. ಅದಕ್ಕೆ ಅವನು ಆರಿಸಿದ್ದು ಶಾಂತಾಳ ಉಪ್ಪಿನಕಾಯಿ ಭರಣಿಯನ್ನು. ಅವಳು ಭರಣಿ ನೋಡಿದ್ದು ಹಬ್ಬ ಕಳೆದ ಮೇಲೆ, ಆದ್ದರಿಂದ ಅವನು ಬದುಕಿಕೊಂಡ. ತೆರೆದುಕೊಂಡ ಆರು ಪೈಪಿನ ಬಾಯಿಗಳಿಗೆ ಹೊಲದಲ್ಲಿ ಮಾಡುವಂತೆ ಕಾಳು ಬಿಡಿಸಿದ ಗೋವಿನಜೋಳದ ಬೆಂಡಿಗೆ ಹಳೆಯ ಸೀರೆಯ ಚೂರು ಸುತ್ತಿ ಗಿಡಿದ. ಹುಲ್ಲಿನಲ್ಲಿ ಆರು ಬೆಂಡುಗಳು ತಲೆ ಎತ್ತಿ ನಿಂತವು. ವಿಡಿಯೋದವನು ನೋಡಿದ್ದರೆ ಅತ್ತುಬಿಡುತ್ತಿದ್ದ.

ನಾನು ನನ್ನ ಹಾಳೆಯ ಪ್ರಕಾರ, ಬೋರಿನ ಮೋಟರಿನಿಂದ ಲಾನಿಗೆ ನೀರು ಬಿಡುವ ವಾಲ್ವನ್ನು ಅರ್ಧ ತೆರೆದಿಟ್ಟೆ. ಮಲ್ಲಪ್ಪ ಹೊರಡುವಾಗ, ಕೈ ತಾನಾಗಿಯೇ ಹೋಯಿತೆಂಬಂತೆ, ಮೋಟರಿನ ಸ್ವಿಚ್ಚನ್ನು 'ಆಟೋ'ಗೆ ತಿರುಗಿಸಿದ. ಕಬ್ಬಿನ ಹೊಲದಲ್ಲಿ ಮೋಟರನ್ನು ಯಾರೂ ಆರಿಸುವುದಿಲ್ಲ. ಕರೆಂಟು ಅದರ ಮನಸ್ಸಿಗೆ ಬಂದಾಗ ಬರುತ್ತದೆ, ಬಂದಾಗ ಮೋಟರು ತಾನೇ ಎದ್ದು ನೀರೆತ್ತಬೇಕು. ಆ ದಿನ ನಮ್ಮ ಓಣಿಯಲ್ಲೂ ಮಧ್ಯಾಹ್ನದಿಂದ ಕರೆಂಟು ಇರಲಿಲ್ಲ, ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು.

"ಆಟೋಕ್ಕ ಯಾಕಿಟ್ಟಿ?" ಎಂದೆ.

"ಮತ್ತ? ಕರೆಂಟ ಬಂದ ಕೂಡ್ಲೆ ಮ್ಯಾಲಿನ ಟಾಕಿ ತುಂಬತೈತಿ. ನೀವ ರಾತ್ರೆಲ್ಲಾ ಕಾಯಕೋಂತ ಕುಂಡರತೀರೇನ?"

ಸರಿಯೆನಿಸಿತು. ಹಿಮದ ದೇಶದ ಬುದ್ಧಿಯಂತೆ ವಾಲ್ವು ತೆರೆದಿದೆ, ಕುಲಗೋಡದ ಬುದ್ಧಿಯಂತೆ ಸ್ವಿಚ್ಚು ಆಟೋದಲ್ಲಿದೆ. ಎರಡೂ ಒಳ್ಳೆಯ ಬುದ್ಧಿಯೇ. ಎರಡನ್ನೂ ಒಂದೇ ಮನೆಯಲ್ಲಿ ಇಟ್ಟರೆ ಏನಾಗುತ್ತದೆ ಎಂಬುದು ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನನ್ನ ತಲೆಗೆ ಹೊಳೆಯಲಿಲ್ಲ.

ಮರುದಿನವೂ ಕರೆಂಟು ಬಂದಿರಲಿಲ್ಲ. ಮಲ್ಲಪ್ಪ ಬೆಳಿಗ್ಗೆಯೇ ತನ್ನ ಹೊಲದ ಚರಗ ಮುಗಿಸಿ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದ. ಹನ್ನೆರಡರ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ, ಶೇಂಗಾ ಹೋಳಿಗೆ, ಎಣ್ಣೆ ಸೋರುವ ಎಣ್ಣೆಗಾಯಿ ಎಲ್ಲ ಲಾನಿಗೆ ಬಂದವು. ಷರತ್ತುಗಳಲ್ಲಿ ಚಪ್ಪಲಿಯದೊಂದು ಉಳಿಯಿತು, ಅದೂ ಹೊಲಕ್ಕೆ ಚಪ್ಪಲಿ ಹಾಕಿಕೊಂಡು ಹೋಗಬಾರದೆಂದು ಅವ್ವನೇ ಹೇಳಿದ್ದರಿಂದ. ಹೂಕುಂಡದ ಸುತ್ತಲಿನ ಐದು ಕಲ್ಲು ಎತ್ತಿ, ಸುಣ್ಣ ಬಳಿದು, ನನ್ನ ಬೋರ್ಡಿನ ಬುಡದಲ್ಲಿ ಸಾಲಾಗಿ ಕೂಡಿಸಿದಳು. 'ಕಾಲಿಡಬಾರದು' ಎಂಬ ಬೋರ್ಡಿನ ಕೆಳಗೆ ಪಾಂಡವರು ಆರಾಮಾಗಿ ಕುಳಿತರು. ವನವಾಸ ಮಾಡಿದವರಿಗೆ ಇಂಥ ಬೋರ್ಡು ಯಾವ ಲೆಕ್ಕ.

ಆಮೇಲೆ ಅವ್ವ ಸೆರಗು ಸೊಂಟಕ್ಕೆ ಸಿಗಿಸಿದಳು. ಚರಗದ ಬುಟ್ಟಿಯನ್ನು ಶಾಂತಾ ಅವಳ ಕೈಗೆ ಕೊಟ್ಟಳು. ಅವ್ವ ಅದನ್ನು ಕೂಡಲೇ ತೆಗೆದುಕೊಳ್ಳಲಿಲ್ಲ. ಕೈಯನ್ನು ಸೀರೆಗೆ ಎರಡು ಸಲ ಒರೆಸಿಕೊಂಡು ಆಮೇಲೆ ತೆಗೆದುಕೊಂಡಳು.

"ಹಿಂದ ನೀರ ಹಾಕಾವ್ರ ಯಾರ?" ಎಂದು ಕೇಳಿದಳು. ಗಂಡ ಇದ್ದಿದ್ದರೆ ಅದು ಅವನ ಕೆಲಸ. ನಾನು ತಂಬಿಗೆ ಎತ್ತಿಕೊಂಡೆ.

"ಹುಲ್ಲುಲ್ಲಿಗ್ಯೋ..." ಎಂದು ಅವ್ವ ಕೂಗಿದಳು. ಈ ಕೂಗು ಊರಿಗೊಂದು ಥರ, ಅರ್ಥ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಭೂಮಿಗೆ ಗೊತ್ತಿದ್ದರೆ ಸಾಕು. ಆ ಕೂಗಿಗೆ ಮೊಣಕಾಲಿನ ನೋವು ಎಲ್ಲಿ ಹೋಯಿತೋ, ಕೋಲು ಬಿಟ್ಟು ಅಂಚು ದಾಟಿ ನಡುಹುಲ್ಲಿಗೇ ನಡೆದಳು. ಹಿಡಿ ತುಂಬ ಕಡುಬು, ರೊಟ್ಟಿ, ಪಲ್ಯ ಕಲಸಿದ್ದನ್ನು ಬಲಕ್ಕೆ ಎಡಕ್ಕೆ ಬೀಸಿ ಚೆಲ್ಲಿದಳು. ಹದಿನೆಂಟು ಅಡಿಯನ್ನು ಹದಿನೆಂಟು ಎಕರೆಯಂತೆ ಸುತ್ತಿದಳು. ನಾನು ಹಿಂದಿನಿಂದ ಹುಲ್ಲು ಕೆಸರಾಗದಂತೆ ಬೆರಳ ತುದಿಯಲ್ಲಿ ಹನಿ ಹನಿ ಚಿಮುಕಿಸುತ್ತಿದ್ದೆ.

"ಏನ ಜಿಪುಣನೋ ನೀ! ನೀರ ಹಾಕ ಅಂದ್ರ ವಿಭೂತಿ ಹಚ್ಚಿದಂಗ ಹಚ್ಚಾಕತ್ತಿ" ಎಂದು ಬೈದಳು.

ಚರಗ ಮುಗಿದು ಎಲ್ಲರೂ ಉಣ್ಣಲು ಕುಳಿತೆವು. ಅವ್ವ ಜಮಖಾನ ಒಲ್ಲೆನೆಂದು ಬರೀ ಹುಲ್ಲಿನ ಮೇಲೆ, ಸರಿಯಾಗಿ ನಡುವೆ ಕುಳಿತಳು. ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದಿದ್ದೇನೆ, ಮನೆಯೊಳಗೆ ಫ್ಯಾನು ತಿರುಗಿದ ಸದ್ದು. "ಕರೆಂಟ ಬಂತ" ಎಂದು ಮಲ್ಲಪ್ಪ ಖುಷಿಯಾದ. ಮರುಕ್ಷಣವೇ ನೆಲದೊಳಗೆ ಗುರುಗುರು ಎಂದಿತು. ಮಲ್ಲಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇಬ್ಬರಿಗೂ ಒಟ್ಟಿಗೇ ಬುದ್ಧಿ ಬಂತು, ಆದರೆ ನೀರು ಅದಕ್ಕಿಂತ ಮೊದಲು ಬಂತು.

ಆರು ಬೆಂಡುಗಳು ಒಂದರ ಹಿಂದೊಂದು ಠಪ್ ಠಪ್ ಎಂದು ಆಕಾಶಕ್ಕೆ ಹಾರಿದವು. ಒಂದು ಬಂದು ಮೊಸರಿನ ಗಡಿಗೆಯಲ್ಲಿ ಬಿತ್ತು. ಇನ್ನೊಂದು ಮಲ್ಲಪ್ಪನ ಬೆನ್ನಿಗೆ ಬಡಿಯಿತು, ಅದರ ಬಗ್ಗೆ ನನಗೆ ದುಃಖವಿಲ್ಲ. ಆರು ಕಡೆಯಿಂದ ಮನೆಯೆತ್ತರಕ್ಕೆ ನೀರು ಎದ್ದು ನಮ್ಮೆಲ್ಲರ ಮೇಲೆ ಸುರಿಯಿತು. ಶಾಂತಾ ಹೋಳಿಗೆಯ ಡಬ್ಬಿ ಹಿಡಿದು ಓಡಿದಳು, ಮಲ್ಲಪ್ಪ ರೊಟ್ಟಿಯ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಓಡಿದ. ಸುಣ್ಣ ತೊಳೆದುಹೋಗಿ ಪಾಂಡವರು ಮತ್ತೆ ಹೂಕುಂಡದ ಕಲ್ಲುಗಳಾದರು. ನಾನು ಸ್ವಿಚ್ಚಿನ ಕಡೆ ಓಡಿದೆ.

"ಲೇ ತಮ್ಮಾ, ಆರಸಬ್ಯಾಡೋ!"

ತಿರುಗಿ ನೋಡಿದೆ. ಅವ್ವ ಎದ್ದೇ ಇರಲಿಲ್ಲ. ಸುರಿಯುವ ನೀರಿನ ನಡುವೆ ತಟ್ಟೆ ಮುಂದಿಟ್ಟುಕೊಂಡು ಕುಳಿತಿದ್ದಳು. ಸೆರಗು ಜಾರಿ ಬಿಳಿ ಕೂದಲು ಹಣೆಗೆ ಅಂಟಿತ್ತು. ಮುಖ ಮೇಲೆತ್ತಿ ಬಾಯಿ ತುಂಬ ನಗುತ್ತಿದ್ದಳು.

"ಆರಸಬ್ಯಾಡ. ನಿಮ್ಮಪ್ಪ ಗೇಟ ತಗದಾನ. ಮಂದಿ ಹೊಲಕ್ಕೆಲ್ಲಾ ಬಿಟ್ಟ ಬಿಟ್ಟ, ಈಗ ನಮ್ಮದಕ್ಕ ಪಾಳಿ ಬಂದೈತಿ."

ನನ್ನ ಕೈ ಸ್ವಿಚ್ಚಿನ ಮೇಲಿತ್ತು. ಕಣ್ಣು ತುಂಬಿ ಬಂತು, ಹೇಗೂ ಮೈಯೆಲ್ಲ ನೀರಾಗಿತ್ತು, ಯಾರಿಗೂ ಗೊತ್ತಾಗಲಿಲ್ಲ. ಕೈ ತೆಗೆದೆ. ಬೋರ್ಡಿನ ಪಕ್ಕದಿಂದಲೇ ಹುಲ್ಲಿನ ಮೇಲೆ ಹೆಜ್ಜೆಯಿಟ್ಟು ಹೋಗಿ ಅವ್ವನ ಎದುರು ಕುಳಿತೆ. ನನ್ನ ತಟ್ಟೆಯಲ್ಲಿ ರೊಟ್ಟಿ ನೆನೆದು ಮುದ್ದೆಯಾಗಿತ್ತು, ಎಣ್ಣೆಗಾಯಿ ನೀರಿನಲ್ಲಿ ತೇಲುತ್ತಿತ್ತು. ಇಬ್ಬರೂ ಅದನ್ನೇ ಉಂಡೆವು.